ಸದ್ದಿಲ್ಲದೆ ಇಳಿಯುವುದು

ಆಸ್ಪತ್ರೆಯ ನೆಲಮಹಡಿಯಲ್ಲಿದ್ದ ಪ್ಲಾಸ್ಟರ್ ಕೋಣೆಯಲ್ಲಿ ಅವಳು ಹತ್ತೊಂಬತ್ತು ವರ್ಷಗಳಿಂದ ಕೆಲಸಕ್ಕಿದ್ದಳು. ಮುರಿದ ಮೂಳೆಯನ್ನು ಡಾಕ್ಟರು ಎಳೆದು ಕೂರಿಸಿದ ಮೇಲೆ ಅದು ಅಲ್ಲಾಡದಂತೆ ಪಟ್ಟಿ ಸುತ್ತುವುದು ಅವಳ ಪಾಲಿನ ಕೆಲಸ. ಉಗುರುಬೆಚ್ಚಗಿನ ನೀರಿನಲ್ಲಿ ಪಟ್ಟಿ ಅದ್ದಿ, ಗುಳ್ಳೆ ಏಳುವುದು ನಿಂತ ಮೇಲೆ ಹಿಂಡಿ, ಸುತ್ತಿ, ಅಂಗೈಯಿಂದಲೇ ಸವರಬೇಕು. ಬೆರಳ ತುದಿ ಒತ್ತಿದರೆ ಗುಳಿ ಬಿದ್ದು ಒಳಗೆ ಚರ್ಮ ಹುಣ್ಣಾಗುತ್ತದೆ. ರೋಗಿಗಳ ಹೆಸರು ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ, ಮೂಳೆ ನಿಲ್ಲುತ್ತಿತ್ತು. ಅಂಗಡಿಯಲ್ಲಿ ಯಾರಾದರೂ ಪರಿಚಯದ ನಗೆ ನಕ್ಕರೆ ‘ಎಡ ಮೊಣಕೈ’ ಎಂದೋ ‘ಬಲಗಾಲಿನ ಕಿರುಬೆರಳು’ ಎಂದೋ ಮನಸ್ಸಿನಲ್ಲೇ ಗುರುತು ಹಿಡಿದು ತಾನೂ ನಗುತ್ತಿದ್ದಳು.

ಅಷ್ಟು ವರ್ಷ ಮುರಿದದ್ದನ್ನೇ ನೋಡಿದವಳು ಕಲ್ಲಾಗಬೇಕಿತ್ತು. ಆಗಿರಲಿಲ್ಲ. ಒದ್ದೆ ನೆಲ ಕಂಡರೆ ಅವಳಿಗೆ ಸೊಂಟದ ಮೂಳೆ ಕಾಣುತ್ತಿತ್ತು, ಸ್ಟೂಲು ಕಂಡರೆ ಮಣಿಕಟ್ಟು. ಬಚ್ಚಲಲ್ಲಿ, ಅಡುಗೆಮನೆಯ ಹೊಸ್ತಿಲ ಬಳಿ, ಹಾಸಿಗೆಯ ಪಕ್ಕ, ಎಲ್ಲೆಲ್ಲೂ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದಳು. ಅತ್ತೆ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, ಈ ಮನೆಯಲ್ಲಿ ಗಾಳಿ ಕೂಡ ಕಂಬಿ ಹಿಡಿದುಕೊಂಡೇ ಓಡಾಡಬೇಕು ಎಂದು ನಗಿಸುತ್ತಿದ್ದರು. ಗಂಡ ಬಂದರಿನಲ್ಲಿ ಕ್ರೇನ್ ನಡೆಸುವವನು. ದಿನಕ್ಕೆ ಎಂಟು ಗಂಟೆ ಆಕಾಶದಲ್ಲಿ ತೂಗುವ ಗಾಜಿನ ಗೂಡಿನಲ್ಲಿ ಕೂತು ಬರುವ ಆ ಮನುಷ್ಯ ಮನೆಯಲ್ಲಿ ಬಲ್ಬು ಬದಲಿಸಲು ಕುರ್ಚಿ ಹತ್ತಿದರೆ, ಕೆಳಗೆ ಅವಳು ಎರಡೂ ಕೈಯಲ್ಲಿ ಕುರ್ಚಿ ಹಿಡಿದು ನಿಲ್ಲುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು, ಹದಿನೇಳು ವರ್ಷ. ಇತ್ತೀಚೆಗೆ ಅವಳ ಮೊಣಕಾಲ ಕೆಳಗೆ ನೀಲಿ ಕಲೆಗಳು, ಅಂಗೈಯಲ್ಲಿ ತರಚು ಗಾಯಗಳು ಕಾಣಿಸಿಕೊಂಡಿದ್ದವು. ಕೇಳಿದರೆ ಬಸ್ಸಿನಲ್ಲಿ ತಾಗಿತು, ಮೆಟ್ಟಿಲಲ್ಲಿ ಜಾರಿದೆ ಎಂದು ಏನಾದರೊಂದು ಹೇಳಿ ಜಾರಿಕೊಳ್ಳುತ್ತಿದ್ದಳು. ತಾಯಿಗೆ ಸುಳ್ಳು ಗೊತ್ತಾಗುತ್ತಿತ್ತು. ಮೆಟ್ಟಿಲಲ್ಲಿ ಜಾರಿದವರ ಪೆಟ್ಟು ಎಲ್ಲಿರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲೇ ಇರಲಿಲ್ಲ.

ಒಂದು ಸಂಜೆ ಊಟದ ಮೇಜಿನ ಮೇಲಿದ್ದ ಮಗಳ ಫೋನು ಬೆಳಗಿತು. ನೋಡಬಾರದು ಎಂದುಕೊಳ್ಳುವಷ್ಟರಲ್ಲಿ ಕಣ್ಣಿಗೆ ಬಿದ್ದುಹೋಗಿತ್ತು. ಸ್ನೇಹಿತೆ ಕಳಿಸಿದ ಚಿತ್ರ. ಎರಡು ಬೂಟುಗಳು, ಅರ್ಧ ಪಾದ ಗೋಡೆಯ ಅಂಚಿನಿಂದ ಆಚೆಗೆ. ಅವುಗಳ ಕೆಳಗೆ, ಬಹಳ ಕೆಳಗೆ, ಬೆಂಕಿಪೊಟ್ಟಣದ ಗಾತ್ರದ ಕಾರುಗಳು. ಬಲ ಬೂಟಿನ ತುದಿ ಕಿತ್ತುಹೋಗಿ ಅಂಟು ಹಚ್ಚಿ ಕೂಡಿಸಿದ ಗುರುತಿತ್ತು. ಆ ಅಂಟು ಹಚ್ಚಿದ್ದವಳು ತಾಯಿಯೇ.

ಅವಳು ಕುರ್ಚಿಯ ಮೇಲೆ ಕುಸಿದಳು. ಮಗಳು ಬಂದಾಗ ಫೋನನ್ನು ಅವಳ ಕಡೆ ತಿರುಗಿಸಿದಳು ಅಷ್ಟೇ.

ಮಗಳು ಮೊದಲು ರೇಗಿದಳು, ಆಮೇಲೆ ಎಲ್ಲವನ್ನೂ ಒಪ್ಪಿಕೊಂಡಳು. ಎರಡು ತಿಂಗಳಿಂದ ಶನಿವಾರ ಮಧ್ಯಾಹ್ನ ಪಾರ್ಕೂರ್ ಕಲಿಯಲು ಹೋಗುತ್ತಿದ್ದಾಳೆ. ಗೋಡೆ, ಕಟ್ಟೆ, ಕಂಬಿ, ಏನು ಎದುರಾದರೂ ಓಡಿ, ನೆಗೆದು, ಹತ್ತಿ ದಾಟಿಹೋಗುವ ವಿದ್ಯೆ ಅದು. ಚಿತ್ರ ಮಾತ್ರ ಅಲ್ಲಿಯದಲ್ಲ. ಜೊತೆಗೆ ಕಲಿಯುವ ಗೆಳತಿ, ತೆಳ್ಳಗಿದ್ದುದರಿಂದ ಎಲ್ಲರೂ ಕಡ್ಡಿ ಎಂದು ಕರೆಯುವವಳು, ತನ್ನ ಮನೆಯ ತಾರಸಿಯ ಮೇಲೆ ತೆಗೆದದ್ದು.

“ನಿಂತಿದ್ದೆ ಅಷ್ಟೆ ಅಮ್ಮ. ಹಾರ್ಲಿಲ್ವಲ್ಲ.”

ಇನ್ನು ಅಲ್ಲಿಗೆ ಕಾಲಿಡಕೂಡದು ಎಂದು ತಾಯಿ ಹೇಳಿದಳು. ಮಗಳು ಮುಖ ಊದಿಸಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡಳು. ಊಟ ಮಾಡುತ್ತಾ ಗಂಡ ಎಲ್ಲವನ್ನೂ ಕೇಳಿಸಿಕೊಂಡು, ಬೇಡ ಅಂದರೆ ಹೋಗುವುದೇನೂ ನಿಲ್ಲುವುದಿಲ್ಲ, ಹೇಳುವುದು ಮಾತ್ರ ನಿಲ್ಲುತ್ತದೆ, ನೀನೇ ಒಂದು ಸಲ ಹೋಗಿ ನೋಡಿ ಬಾ ಎಂದ. ಮೇಲೆ ಕೂತು ಕೂತು ನಿಮಗೆ ಕೆಳಗಿನವರ ಕಷ್ಟ ಮರೆತುಹೋಗಿದೆ ಎಂದು ಅವಳು ಸಿಡುಕಿದಳು. ಆದರೆ ಶನಿವಾರ ಹೋದಳು.

ಮುಚ್ಚಿಹೋಗಿದ್ದ ಈಜುಕೊಳವೊಂದರ ಹಿಂದಿನ ಅಂಗಳ. ಒಂದಿಷ್ಟು ಹುಲ್ಲು, ಗೇಣೆತ್ತರದಿಂದ ಎದೆಯೆತ್ತರದವರೆಗಿನ ಕಟ್ಟೆಗಳು, ಸೊಂಟದೆತ್ತರದ ಒಂದು ಗೋಡೆ, ಬಣ್ಣ ಹೋದ ಕಬ್ಬಿಣದ ಕಂಬಿ. ಹತ್ತು ಹನ್ನೆರಡು ಜನರಿದ್ದರು. ಅವರಲ್ಲೊಬ್ಬಳು ತಲೆ ನರೆತ ಬೇಕರಿಯವಳು. ಕಲಿಸುವವನು ತಾಯಿಗೆ ಬೆನ್ನು ಮಾಡಿ ನಡೆದುಹೋಗುತ್ತಿದ್ದ. ಪಾದವನ್ನು ಒಂದೇ ಹಲಗೆಯಂತೆ ಎತ್ತಿಡುವ ಆ ನಡಿಗೆ ಕಂಡ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಎರಡು ಹಿಮ್ಮಡಿ. ಒಂಬತ್ತು ವರ್ಷದ ಹಿಂದೆ ಗೆಳೆಯರ ಎದುರು ಮೊದಲ ಮಹಡಿಯ ಸಜ್ಜಾದಿಂದ ನೆಗೆದು, ಎರಡೂ ಹಿಮ್ಮಡಿಯ ಮೂಳೆಯನ್ನು ಒಡೆದ ಬಿಸ್ಕತ್ತಿನಂತೆ ಮಾಡಿಕೊಂಡು ಬಂದಿದ್ದ. ಟೈಲ್ಸ್ ಹಾಕುವ ಕೆಲಸದವನು. ಮೂರು ತಿಂಗಳು ನೆಲಕ್ಕೆ ಕಾಲೂರಿರಲಿಲ್ಲ.

ಅವನೂ ಅವಳನ್ನು ಗುರುತಿಸಿದ. ಅವಳು ಕುಶಲ ಕೇಳಲಿಲ್ಲ.

“ಎರಡೂ ಹಿಮ್ಮಡಿ ಪುಡಿ ಮಾಡ್ಕೊಂಡೋರು ನನ್ನ ಮಗಳಿಗೆ ಹಾರೋದು ಹೇಳ್ಕೊಡ್ತೀರಾ?”

“ಹಾರೋದು ಯಾರಾದ್ರೂ ಹೇಳ್ಕೊಡ್ತಾರೆ,” ಅವನು ಹೇಳಿದ. “ನಾನು ಇಳಿಯೋದು ಹೇಳ್ಕೊಡ್ತೀನಿ. ಅವತ್ತು ನನಗೆ ಗೊತ್ತಿಲ್ಲದೆ ಇದ್ದಿದ್ದು ಅದೇ.”

ಅವಳು ಮಗಳ ಫೋನಿನ ಚಿತ್ರದ ವಿಷಯ ಹೇಳಿದಳು. ಅವನ ಮುಖ ಬಿಳುಚಿತು. ಅದನ್ನು ಕಂಡು ಅವಳ ಹೆದರಿಕೆ ಇಮ್ಮಡಿಯಾಯಿತು. ಇಷ್ಟು ಹೊತ್ತು, ಬಲ್ಲವರು ಇದನ್ನು ನೋಡಿ ನಕ್ಕುಬಿಡಬಹುದು ಎಂಬ ಸಣ್ಣ ಆಸೆಯೊಂದು ಒಳಗೆಲ್ಲೋ ಇತ್ತು. ಅವನು ಇಬ್ಬರು ಹುಡುಗಿಯರನ್ನೂ ಕರೆದು, ಎಲ್ಲರೆದುರಿಗೆ, ತಾರಸಿ ಹತ್ತಿದವರು ಮತ್ತೆ ಮೊದಲ ಪಾಠದಿಂದ ಶುರು ಮಾಡಬೇಕು, ಒಂದು ತಿಂಗಳು ಇಬ್ಬರೂ ಗೇಣೆತ್ತರದ ಕಟ್ಟೆ ಬಿಟ್ಟು ಬೇರೇನೂ ಮುಟ್ಟುವಂತಿಲ್ಲ ಎಂದ. ಮಗಳು ಕಿವಿಯವರೆಗೂ ಕೆಂಪಾದಳು. ಕಡ್ಡಿ ಚೀಲ ಎತ್ತಿಕೊಂಡು ಹೊರಟೇಹೋದಳು.

ಆಮೇಲೆ ಅವನು ತಾಯಿಯ ಕಡೆ ತಿರುಗಿ, ಸುಮ್ಮನೆ ನಿಂತು ನೋಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ, ನೀವೂ ನಾಲ್ಕು ಶನಿವಾರ ಬನ್ನಿ, ಏನು ಕಲಿಸುತ್ತೇನೆ ಎಂಬುದು ಮೈಗೇ ಗೊತ್ತಾಗಲಿ ಎಂದ. ಮಗಳ ಮೇಲೆ ಕಣ್ಣಿಡಲು ಇದಕ್ಕಿಂತ ಒಳ್ಳೆಯ ನೆಪ ಸಿಗದು ಎಂದು ಅವಳು ಒಪ್ಪಿಕೊಂಡಳು. ವಿಷಯ ತಿಳಿದ ಅತ್ತೆ, ನಲವತ್ತಮೂರಕ್ಕೆ ಕಪಿಯಾಗಲು ಹೊರಟಿದ್ದಾಳೆ, ಬಾಲ ಬಂದರೆ ಹೇಳು ಹೊಲಿಸಿಕೊಡುತ್ತೇನೆ ಎಂದರು.

ಮೊದಲ ಪಾಠ ಒಂದು ಗೇಣಿನ ಕಟ್ಟೆಯಿಂದ ಕೆಳಗಿಳಿಯುವುದು. ಅಷ್ಟೇ. ಹಿಮ್ಮಡಿ ಮೊದಲು ತಾಗಬಾರದು. ಪಾದದ ಮುಂಭಾಗ ತಾಗಬೇಕು, ಮೊಣಕಾಲು ಮಡಚಬೇಕು, ಆದರೆ ಪೂರ್ತಿ ಕುಕ್ಕರಿಸಬಾರದು, ಮೊಣಕಾಲು ಒಂದಕ್ಕೊಂದು ಬಡಿಯಬಾರದು. ಮುಖ್ಯವಾಗಿ ಸದ್ದಾಗಬಾರದು. ನೆಲಕ್ಕೆ ಕೇಳಿಸಿದ್ದು ಮೂಳೆಗೂ ಕೇಳಿಸಿದೆ ಎಂದೇ ಲೆಕ್ಕ ಎಂದು ಅವನು ಹೇಳುತ್ತಿದ್ದ. ಐವತ್ತು ಸಲ ಇಳಿಯಬೇಕಿತ್ತು. ಅವಳಿಗೆ ಮೊದಲನೆಯದಕ್ಕೇ ಕಾಲು ಏಳಲಿಲ್ಲ. ಒಂದು ಗೇಣಿನ ಮೇಲೆ ನಿಂತು ಕೆಳಗೆ ನೋಡಿದರೆ ಕಣ್ಣ ಮುಂದೆ ಎಕ್ಸ್‌ರೇಗಳು ಸಾಲಾಗಿ ಬಂದವು: ಕಣಕಾಲು, ಮೊಣಕಾಲ ಚಿಪ್ಪು, ಬೆನ್ನಿನ ಕೊನೆಯ ಮಣಿ. ಪಕ್ಕದಲ್ಲಿ ಬೇಕರಿಯವಳು ಹಿಟ್ಟಿನ ಮುದ್ದೆಯಂತೆ ಮೆತ್ತಗೆ ಇಳಿಯುತ್ತಿದ್ದಳು. ಕೊನೆಗೆ ತಾಯಿ ಕಣ್ಣುಮುಚ್ಚಿ ಇಳಿದಳು. ಕಣ್ಣು ತೆರೆದುಕೊಂಡು ಇಳಿಯಿರಿ, ನೆಲ ಎಲ್ಲಿಗೂ ಓಡಿಹೋಗುವುದಿಲ್ಲ ಎಂದ ಎರಡು ಹಿಮ್ಮಡಿ.

ಎರಡನೆಯ ವಾರ ಉರುಳುವುದು. ಬಿದ್ದಾಗ ಕೈ ಚಾಚಬಾರದು, ಚಾಚಿದ ಕೈಯೇ ಮೊದಲು ಮುರಿಯುವುದು. ಒಂದು ಭುಜದಿಂದ ಎದುರು ಸೊಂಟದ ಕಡೆಗೆ, ಬೆನ್ನಮಣಿ ನೆಲಕ್ಕೆ ತಾಗದಂತೆ ಓರೆಯಾಗಿ ಉರುಳಿ ಎದ್ದು ನಿಲ್ಲಬೇಕು. ಹುಲ್ಲಿನ ಮೇಲೆ, ಮಂಡಿಯೂರಿದ ಎತ್ತರದಿಂದ ಮಾತ್ರ. ಈ ಮಾತು ಅವಳಿಗೆ ಪುಸ್ತಕದಂತೆ ಗೊತ್ತಿತ್ತು. ಅವಳ ಕೋಣೆಗೆ ಬರುವ ಅರ್ಧಕ್ಕರ್ಧ ಜನ ಚಾಚಿದ ಕೈಯವರೇ. ಆದರೂ ಪ್ರತಿ ಸಲ ಉರುಳುವಾಗ ಕೈ ತಾನಾಗಿಯೇ ಮುಂದೆ ಹೋಗುತ್ತಿತ್ತು.

ಮೂರನೆಯ ವಾರ, ಸೊಂಟದೆತ್ತರದ ಗೋಡೆಯನ್ನು ಒಂದು ಕೈ, ಒಂದು ಕಾಲು ಊರಿ ನಿಧಾನವಾಗಿ ದಾಟುವುದು. ಅದಕ್ಕೂ ಮೊದಲು ಗೋಡೆ ಅಲ್ಲಾಡುತ್ತದೆಯೇ, ಮೇಲೆ ಮರಳಿದೆಯೇ, ಆಚೆ ಬದಿ ಏನಿದೆ ಎಂದು ಸುತ್ತ ಹೋಗಿ ನೋಡಿ ಬರಬೇಕು. ಯಾರ ಮೊಣಕಾಲು ನಡುಗುತ್ತದೆಯೋ ಅವರ ಆ ದಿನದ ಪಾಠ ಮುಗಿಯಿತು, ಮನೆಗೆ ಹೋಗಬಹುದು. ಅದಕ್ಕೆ ಯಾರೂ ನಗುವಂತಿಲ್ಲ. ಅವಳು ಗೋಡೆಯ ಮೇಲೆ ಕೈಯಿಟ್ಟಳು, ಮೊಣಕಾಲು ನಡುಗಿತು, ಮನೆಗೆ ಬಂದಳು.

ಅಷ್ಟರಲ್ಲಿ ಮಗಳು ಬರುವುದನ್ನು ಬಿಟ್ಟಿದ್ದಳು. ತಾಯಿಯ ಪಕ್ಕ ನಿಂತು ಒಂದು ಗೇಣಿನಿಂದ ಇಳಿಯುವುದು ಅವಳಿಗೆ ನಾಚಿಕೆಗೇಡಾಗಿತ್ತು. ಪರೀಕ್ಷೆ ಹತ್ತಿರ ಬಂತು, ಶನಿವಾರ ಗ್ರಂಥಾಲಯಕ್ಕೆ ಹೋಗುತ್ತೇನೆ ಎಂದಳು. ತಾಯಿಗೆ ನಿರಾಳವಾಯಿತು, ನಂಬಿದಳು. ವಿಚಿತ್ರವೆಂದರೆ ತಾನು ಮಾತ್ರ ಹೋಗುವುದನ್ನು ಬಿಡಲಿಲ್ಲ. ಹೆದರಿಕೆ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅಲ್ಲಿ ಅದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ, ಅದರ ಜೊತೆ ಏನು ಮಾಡಬೇಕೆಂದು ಮಾತಾಡುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಅವಳಿಗೆ ಅಂಥ ಜಾಗ ಇನ್ನೊಂದು ಸಿಕ್ಕಿರಲಿಲ್ಲ.

ಐದನೆಯ ಶನಿವಾರ ಅವಳು ಕಟ್ಟೆಯಿಂದ ಇಳಿಯುವುದನ್ನು ಎಣಿಸುತ್ತಿದ್ದಾಗ, ಚೀಲದಲ್ಲಿದ್ದ ಫೋನು ಬಡಿದುಕೊಂಡಿತು.

“ಅಮ್ಮ,” ಮಗಳ ದನಿ ಪಿಸುಮಾತಿನಷ್ಟಿತ್ತು. “ನಾನು ಸಿಕ್ಕಾಕೊಂಡಿದೀನಿ. ಮೇಲಕ್ಕೂ ಬರೋಕಾಗ್ತಿಲ್ಲ, ಕೆಳಕ್ಕೂ ಆಗ್ತಿಲ್ಲ.”

ಎರಡು ಬೀದಿಯಾಚೆ, ವರ್ಷಗಳಿಂದ ಮುಚ್ಚಿದ್ದ, ಕಾರು ನಿಲ್ಲಿಸುವ ಮೂರು ಮಹಡಿಯ ಕಟ್ಟಡವಿತ್ತು. ಅದರ ಮೇಲಿಂದ ಪಕ್ಕದ ಗೋದಾಮಿನ ಚಾವಣಿಗೆ ನೆಗೆಯಬೇಕು, ಕಡ್ಡಿ ವಿಡಿಯೋ ತೆಗೆಯಬೇಕು ಎಂಬ ಯೋಜನೆ. ಮಗಳು ಮೇಲಿನ ಮೋಟುಗೋಡೆ ಹಿಡಿದು ತೂಗಿ, ಕೆಳಗಿದ್ದ ಸಜ್ಜಾದ ಮೇಲೆ ಇಳಿದಿದ್ದಳು. ಇಳಿದ ರಭಸಕ್ಕೆ ಸಜ್ಜಾದ ಅಂಚಿನ ಒಂದು ತುಂಡು ಕಳಚಿ ಕೆಳಗೆ ಬಿದ್ದಿತ್ತು. ಈಗ ಮೇಲಿನ ಗೋಡೆ ಕೈಗೆ ಎಟುಕುತ್ತಿಲ್ಲ.

ಎರಡು ಹಿಮ್ಮಡಿಗೆ ವಿಷಯ ಹೇಳಲು ಅವಳಿಗೆ ನಾಲ್ಕೇ ಶಬ್ದ ಬೇಕಾದವು. ಅವನು ಆಗಲೇ ಅಗ್ನಿಶಾಮಕದವರ ನಂಬರು ಒತ್ತುತ್ತಿದ್ದ. “ನನ್ನಿಂದ ಓಡೋಕಾಗಲ್ಲ. ನೀವು ಹೋಗಿ, ನಾನು ಅವರನ್ನ ಕರ್ಕೊಂಡು ಬರ್ತೀನಿ. ಅವಳನ್ನ ಹಾರೋಕೆ ಬಿಡ್ಬೇಡಿ. ನೀವೂ ಕೆಳಗೆ ಇಳೀಬೇಡಿ.”

ಅವಳು ಓಡಿದಳು. ಗಂಡನಿಗೆ ಫೋನು ಮಾಡಿ ಉಪಯೋಗವಿಲ್ಲ, ಕ್ರೇನಿನ ಗೂಡಿಗೆ ಫೋನು ಒಯ್ಯುವಂತಿರಲಿಲ್ಲ. ಕಟ್ಟಡದ ಸುತ್ತ ಸೊಂಟದಿಂದ ಚೂರು ಎತ್ತರದ ಗೋಡೆ, ಗೇಟಿಗೆ ಬೀಗ. ಹುಡುಗಿಯರು ಗೋಡೆ ದಾಟಿಯೇ ಹೋಗಿರಬೇಕು. ಅವಳು ಕೈಯೂರಿದಳು, ಕಾಲೂರಿದಳು, ಆಚೆ ಏನಿದೆ ಎಂದು ನೋಡಲಿಲ್ಲ. ಆಚೆ ಒಡೆದ ಇಟ್ಟಿಗೆಯ ರಾಶಿಯಿತ್ತು. ಪಾದ ಹೊರಳಿತು. ಬೀಳುವಾಗ ಕೈ ತಾನಾಗಿಯೇ ಮುಂದೆ ಹೋಯಿತು.

ಸದ್ದು ಅವಳಿಗೆ ಒಳಗಿನಿಂದಲೇ ಕೇಳಿಸಿತು. ಎದ್ದು ಕೂತು ಬಲಗೈ ನೋಡಿಕೊಂಡಳು. ಮಣಿಕಟ್ಟಿನ ಹಿಂದೆ ಬಗ್ಗಿದ ಚಮಚದಂಥ ತಿರುವು. ದಿನಕ್ಕೆ ಮೂರಾದರೂ ನೋಡುವ ತಿರುವು. ಡಾಕ್ಟರು ಬೇಕಿರಲಿಲ್ಲ, ಎಕ್ಸ್‌ರೇಯೂ ಬೇಕಿರಲಿಲ್ಲ. ಅವಳು ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದಳು, ಅಲ್ಲಾಡಿದವು. ಸ್ವೆಟರಿನ ಮೇಲಿನ ಎರಡು ಗುಂಡಿ ಬಿಚ್ಚಿ, ಮುರಿದ ಕೈಯನ್ನು ಎದೆಗೆ ಒತ್ತಿ ಒಳಗಿಟ್ಟು, ಗುಂಡಿ ಹಾಕಿಕೊಂಡು, ಕಾರು ಹತ್ತುವ ಇಳಿಜಾರಿನಲ್ಲಿ ಮೇಲಕ್ಕೆ ಹೊರಟಳು. ಮೂರು ಮಹಡಿ. ಒಂದೊಂದು ಹೆಜ್ಜೆಗೂ ಮೂಳೆ ಮೂಳೆಗೆ ಉಜ್ಜುವುದು ಹಲ್ಲಿನವರೆಗೆ ತಿಳಿಯುತ್ತಿತ್ತು.

ಮೇಲೆ ಕಡ್ಡಿ ನೀರಿನ ತೊಟ್ಟಿಗೆ ಒರಗಿ ಕೂತು ಅಳುತ್ತಿದ್ದಳು. ಮಾತಾಡಲಾಗದೆ ಕೈ ತೋರಿಸಿದಳು. ತಾಯಿ ಮೋಟುಗೋಡೆಯ ಬಳಿ ಹೋಗಿ, ಅದನ್ನು ಎಡಗೈಯಲ್ಲಿ ಒತ್ತಿ ನೋಡಿ, ಅದರ ಮೇಲೆ ಎದೆಯೂರಿ ಬಗ್ಗಿದಳು.

ಒಂದಾಳುದ್ದ ಕೆಳಗೆ ಮಗಳ ನೆತ್ತಿ ಕಂಡಿತು. ಎರಡು ಅಡಿ ಅಗಲದ ಸಜ್ಜಾ, ತುಂಡು ಕಳಚಿದ ಕಡೆ ತುಕ್ಕು ಹಿಡಿದ ಸರಳು ಹೊರಚಾಚಿತ್ತು. ಎದುರಿಗೆ ಎಂಟು ಅಡಿಯಾಚೆ ಗೋದಾಮಿನ ಚಾವಣಿ. ನಡುವೆ ಏನೂ ಇಲ್ಲ, ತಳದಲ್ಲಿ ಹಳೆಯ ಕಬ್ಬಿಣ. ಮಗಳು ಗೋಡೆಗೆ ಬೆನ್ನೊತ್ತಿ ನಿಂತು ಎದುರು ಚಾವಣಿಯನ್ನೇ ನೋಡುತ್ತಿದ್ದಳು.

“ಬಂದೆ,” ತಾಯಿ ಹೇಳಿದಳು.

“ಅಮ್ಮ, ನಾನು ಹಾರಿಬಿಡ್ತೀನಿ. ನೆಲದ ಮೇಲೆ ಇದಕ್ಕಿಂತ ಜಾಸ್ತಿ ಹಾರಿದೀನಿ. ಇಲ್ಲಿ ನಿಂತ್ಕೊಂಡಿರೋಕಾಗ್ತಿಲ್ಲ, ಇದು ಅಲ್ಲಾಡ್ತಿದೆ.”

ಕಿರುಚು ಗಂಟಲಿಗೆ ಬಂದಿತ್ತು. ಕಿರುಚಿದರೆ ಅವಳು ಬೆಚ್ಚುತ್ತಾಳೆ, ಬೆಚ್ಚಿದರೆ ಹೆಜ್ಜೆ ತಪ್ಪುತ್ತದೆ. ಅವಳು ಅದನ್ನು ನುಂಗಿಕೊಂಡಳು. ಪ್ಲಾಸ್ಟರ್ ಕೋಣೆಯಲ್ಲಿ ನೋವಿನಲ್ಲಿರುವವರ ಜೊತೆ ಮಾತಾಡುವ ದನಿಯೊಂದಿತ್ತು, ಅದನ್ನು ಹುಡುಕಿ ತಂದುಕೊಂಡಳು.

“ಮೊಣಕಾಲು ಹೇಗಿದೆ?”

“ಚೆನ್ನಾಗಿದೆ.”

“ನನಗೆ ಮೇಲಿಂದ ಕಾಣ್ತಿದೆ.”

ಮಗಳು ತನ್ನ ಮೊಣಕಾಲು ನೋಡಿಕೊಂಡಳು. “ನಡುಗ್ತಿದೆ,” ಎಂದಳು.

“ಹಾಗಾದ್ರೆ ಇವತ್ತಿನದು ಮುಗೀತು. ಗೋಡೆಗೆ ಬೆನ್ನು ಉಜ್ಕೊಂಡು ನಿಧಾನ ಕೂತ್ಕೋ. ಕಾಲು ಒಳಗೆ ಎಳ್ಕೋ. ಮುರಿದಿರೋ ಕಡೆಯಿಂದ ಆಚೆ ಸರೀಬೇಕು, ಬಲಕ್ಕೆ. ಸ್ವಲ್ಪ ಸ್ವಲ್ಪ.”

“ಕೂತ್ರೆ ಮತ್ತೆ ಏಳೋಕಾಗಲ್ಲ.”

“ಏಳು ಅಂತ ಯಾರು ಹೇಳಿದ್ರು? ಅಗ್ನಿಶಾಮಕದವರು ಏಣಿ ತರ್ತಿದಾರೆ.”

ಮಗಳು ಕೂರಲು ತೆಗೆದುಕೊಂಡ ಸಮಯ ಒಂದು ನಿಮಿಷವೂ ಇರಲಿಲ್ಲ. ತಾಯಿ ಅದರುದ್ದಕ್ಕೂ ಉಸಿರಾಡಲಿಲ್ಲ. ಚೂರು ಗಾರೆ ಉದುರಿತು. ಅದು ಕಬ್ಬಿಣದ ಮೇಲೆ ಬಿದ್ದ ಸದ್ದು ಬರಲು ಎಷ್ಟು ಹೊತ್ತಾಯಿತೆಂದು ಇಬ್ಬರೂ ಕೇಳಿಸಿಕೊಂಡರು. ಕೂತ ಮೇಲೆ ಮಗಳು ಮೊದಲ ಸಲ ಮುಖ ಮೇಲೆತ್ತಿದಳು. ನಾಲ್ಕು ವರ್ಷದವಳ ಮುಖವಾಗಿತ್ತು ಅದು.

“ಕೈ ಕೊಡಮ್ಮ.” ಅವಳು ತನ್ನ ಕೈ ಮೇಲೆತ್ತಿದಳು. “ನೀನು ಬಗ್ಗಿದ್ರೆ ಎಟುಕುತ್ತೆ. ಹಿಡ್ಕೋ ನನ್ನ.”

ಎಟುಕುತ್ತಿತ್ತೋ ಏನೋ. ಮಗಳು ಎದ್ದು ತುದಿಗಾಲಲ್ಲಿ ನಿಂತು, ತಾಯಿ ಸೊಂಟದವರೆಗೆ ಕೆಳಗೆ ಬಾಗಿದ್ದರೆ ಬೆರಳಿಗೆ ಬೆರಳು ತಾಗಬಹುದಿತ್ತು. ತಾಯಿಯ ಮೈಯೆಲ್ಲ ಕೆಳಗೆ ಹರಿದುಹೋಗಲು ತವಕಿಸುತ್ತಿತ್ತು. ಐವತ್ತೈದು ಕಿಲೋ ತೂಕ ಒಂದು ಕೈಯಲ್ಲಿ ನಿಲ್ಲುವುದಿಲ್ಲ, ಎರಡು ಕೈಯಲ್ಲೂ ನಿಲ್ಲುವುದಿಲ್ಲ. ಎಳೆಯಲು ಹೋದರೆ ಇಬ್ಬರೂ ಹೋಗುತ್ತಾರೆ. ಇದನ್ನೆಲ್ಲ ಅವಳ ತಲೆ ಬಲ್ಲದು. ಎಡಗೈ ಬಲ್ಲದು ಎಂಬ ನಂಬಿಕೆ ಇರಲಿಲ್ಲ. ಅವಳು ಆ ಕೈಯನ್ನು ಹಿಂದಕ್ಕೆಳೆದು ತನ್ನ ಹೊಟ್ಟೆಯ ಕೆಳಗೆ ಹಾಕಿ ಅದರ ಮೇಲೆ ಮೈಭಾರ ಬಿಟ್ಟಳು.

“ಕೊಡಲ್ಲ.”

“ಅಮ್ಮ.”

“ಕೈ ಕೊಡಲ್ಲ. ಕೂತಿರು. ನಾನು ಇಲ್ಲೇ ಇದೀನಿ, ಎಲ್ಲೂ ಹೋಗಲ್ಲ.”

ಮಗಳು ಅತ್ತಳು. ನೀನು ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದೀಯ ಎಂದಳು, ಇನ್ನೂ ಏನೇನೋ ಅಂದಳು. ತಾಯಿ ಎಲ್ಲಕ್ಕೂ ಹೂಂ ಎಂದಳು. ಅಳು ನಿಂತ ಮೇಲೆ ಅವಳನ್ನು ಮಾತಿಗೆಳೆದಳು. ಗ್ರಂಥಾಲಯದ ಸುಳ್ಳು ಯಾವಾಗ ಶುರುವಾಯಿತು ಎಂದು ಕೇಳಿದಳು, ಬೈಯಲಿಲ್ಲ. ಅಜ್ಜಿ ಬಾಲ ಹೊಲಿಯಲು ಬಟ್ಟೆ ಹುಡುಕುತ್ತಿದ್ದಾರೆ ಎಂದಳು. ಮಗಳ ಮೂಗಿನಿಂದ ನಗೆಯಂಥದ್ದೊಂದು ಹೊರಟಿತು, ತಕ್ಷಣ ಅಲುಗಾಟಕ್ಕೆ ಹೆದರಿ ನಿಂತಿತು. ಚಳಿಗಾಲದ ಬಿಸಿಲಿಗೂ ಗೋಡೆ ಕಾದು ತಾಯಿಯ ಕೆನ್ನೆ ಸುಡುತ್ತಿತ್ತು. ಸ್ವೆಟರಿನೊಳಗೆ ಕೈ ಊದುತ್ತಾ ಬಂದು ಗುಂಡಿಗಳು ಬಿಗಿಯಾಗತೊಡಗಿದ್ದವು. ಇಪ್ಪತ್ತಾರು ನಿಮಿಷ ಎಂದು ಆಮೇಲೆ ಎರಡು ಹಿಮ್ಮಡಿ ಹೇಳಿದ. ಅವಳನ್ನು ಕೇಳಿದ್ದರೆ ಅರ್ಧ ದಿನ ಎನ್ನುತ್ತಿದ್ದಳು.

ಅಗ್ನಿಶಾಮಕದವರು ಗೋದಾಮಿನ ಬದಿಯಿಂದ ಏಣಿ ಎತ್ತಿದರು. ಮೀಸೆಯವನೊಬ್ಬ ಸಜ್ಜಾದ ಮೇಲೆ ಕಾಲಿಡದೆ, ಏಣಿಯ ತುದಿಯಲ್ಲೇ ನಿಂತು, ಮಗಳ ಸೊಂಟಕ್ಕೆ ಪಟ್ಟಿ ಬಿಗಿದು, ಮಗುವನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡ. ಅವಳ ಪಾದ ನೆಲಕ್ಕೆ ತಾಗಿದ್ದನ್ನು ಮೇಲಿಂದ ನೋಡಿದ ಮೇಲೆಯೇ ತಾಯಿ ಗೋಡೆಯಿಂದ ಎದೆ ಎತ್ತಿದ್ದು. ಕಡ್ಡಿ ಬಂದು ಭುಜ ಕೊಟ್ಟಳು.

ಕೆಳಗೆ ಮಗಳು ಓಡಿಬಂದು ಅಪ್ಪಿಕೊಂಡಾಗ ತಾಯಿಯ ಬಾಯಿಂದ ಒಂದು ನರಳಿಕೆ ಹೊರಬಿತ್ತು. ಮಗಳು ಹಿಂದೆ ಸರಿದು ಸ್ವೆಟರಿನ ಉಬ್ಬನ್ನು ನೋಡಿದಳು, ಗುಂಡಿ ಬಿಚ್ಚಿದಳು, ನೋಡಿದಳು. ಅವಳ ಮುಖದ ಬಣ್ಣವೆಲ್ಲ ಇಳಿದುಹೋಯಿತು.

ಆ ಸಂಜೆ ಅವಳು ತನ್ನದೇ ಕೋಣೆಗೆ ರೋಗಿಯಾಗಿ ಹೋದಳು. ಡಾಕ್ಟರು ಮೂಳೆ ಎಳೆದು ಕೂರಿಸುವಾಗ ಮೊಣಕೈಯನ್ನು ಗಟ್ಟಿಯಾಗಿ ಹಿಡಿಯಲು ಒಬ್ಬರು ಬೇಕು. ಜೊತೆಯ ಕೆಲಸದವಳು ಒಬ್ಬಳೇ ಇದ್ದುದರಿಂದ ಮಗಳೇ ಹಿಡಿದುಕೊಂಡಳು. ಮುಖ ತಿರುಗಿಸಲಿಲ್ಲ. ಪಟ್ಟಿ ಸುತ್ತುವಾಗ ತಾಯಿ, ಬೆರಳು ಒತ್ತಬೇಡ, ಅಂಗೈ ಉಪಯೋಗಿಸು, ನೀರು ತೀರಾ ಬಿಸಿಯಾಗಿದೆ ಎಂದು ಒಂದೇ ಸಮ ಹೇಳುತ್ತಿದ್ದುದರಿಂದ ಜೊತೆಯವಳು, ಅಕ್ಕ, ನಿಮ್ಮ ಬಾಯಿಗೂ ಒಂದು ಸುತ್ತು ಹಾಕುತ್ತೇನೆ ಎಂದು ಹೆದರಿಸಿದಳು.

ಪ್ಲಾಸ್ಟರ್ ಒಣಗಲು ಇಬ್ಬರೂ ಬೆಂಚಿನ ಮೇಲೆ ಕಾದು ಕೂತಿದ್ದಾಗ ಮಗಳು ಕೇಳಿದಳು. “ಕೈ ಮುರಿದಿದೆ, ಅದಕ್ಕೇ ಕೊಡೋಕಾಗಲ್ಲ ಅಂತ ಆಗ್ಲೇ ಹೇಳ್ಬೋದಿತ್ತಲ್ಲ. ನಾನು ಏನೇನೋ ಅಂದ್ಬಿಟ್ಟೆ.”

“ನಿನಗೆ ಆಗ ಒಂದು ಭಯ ಸಾಕಿತ್ತು,” ತಾಯಿ ಹೇಳಿದಳು. ಆಮೇಲೆ ಸುಳ್ಳು ಹೇಳುವುದು ಬೇಡವೆನಿಸಿ, “ಎರಡೂ ಕೈ ನೆಟ್ಟಗಿದ್ದಿದ್ರೂ ಕೊಡ್ತಿರ್ಲಿಲ್ಲ,” ಎಂದಳು.

ಮಗಳು ಅವಳನ್ನೇ ದಿಟ್ಟಿಸಿದಳು. ಆ ಮಾತು ಎಲ್ಲಿ ತಾಗಿತೋ ತಾಯಿಗೆ ತಿಳಿಯಲಿಲ್ಲ. ಬಹಳ ಹೊತ್ತಾದ ಮೇಲೆ ಮಗಳು ಪ್ಲಾಸ್ಟರಿನಿಂದ ಹೊರಗಿದ್ದ ಅವಳ ಬೆರಳುಗಳನ್ನು ಹಿಡಿದುಕೊಂಡಳು.

ಆರು ವಾರ ಮನೆ ಮೆಲ್ಲಗೆ ನಡೆಯಿತು. ಗಂಡ ಪಾತ್ರೆ ತೊಳೆದ, ಅತ್ತೆ ಸೊಸೆಯ ತಲೆ ಬಾಚಿದರು. ಮಗಳು ಕೆಲವು ದಿನ ಮೆಟ್ಟಿಲಿಳಿಯುವಾಗ ಎರಡೂ ಕೈಯಲ್ಲಿ ಕಂಬಿ ಹಿಡಿಯುತ್ತಿದ್ದಳು. ಬೆಳಗ್ಗೆ ಎದ್ದರೆ ಹೊದಿಕೆ ಬೆವರಿನಿಂದ ಒದ್ದೆಯಾಗಿರುತ್ತಿತ್ತು. ತಾಯಿ ಅದನ್ನು ನೋಡಿ ಸಮಾಧಾನಪಡಲು ಪ್ರಯತ್ನಿಸಿದಳು. ಆಗಲಿಲ್ಲ. ತನ್ನ ಹೆದರಿಕೆ ಆ ಹುಡುಗಿಯ ಮೈಯೊಳಗೆ ಮನೆ ಮಾಡುವುದನ್ನು ಅವಳು ಎಂದೂ ಬಯಸಿರಲಿಲ್ಲ. ಕಡ್ಡಿ ಒಂದು ದಿನ ಬಂದು, ವಿಡಿಯೋ ಅಳಿಸಿಹಾಕಿದೆ ಎಂದು ಹೇಳಿ, ಕುಡಿಯಲು ಕೊಟ್ಟದ್ದನ್ನು ಮುಟ್ಟದೆ ಹೋದಳು.

ಪ್ಲಾಸ್ಟರ್ ತೆಗೆದ ವಾರ ತಾಯಿಯೇ ಶನಿವಾರ ಚೀಲ ಹಿಡಿದು ಹೊರಟಳು. ಮಗಳು ಬಾಗಿಲವರೆಗೆ ಬಂದು, ನಾನೂ ಬರಲೇ ಎಂದಳು. ಇಬ್ಬರೂ ಒಂದು ಗೇಣಿನ ಕಟ್ಟೆಯಿಂದ ಶುರು ಮಾಡಿದರು.

ನಾಲ್ಕು ತಿಂಗಳು ಕಳೆದವು. ಒಂದು ಶನಿವಾರ, ಎದೆಯೆತ್ತರದ ಕಟ್ಟೆಯಿಂದ ಎದುರಿನ ಕಟ್ಟೆಗೆ ನೆಗೆಯುವ ಸರದಿ ಮಗಳದಾಯಿತು. ನಡುವೆ ಐದು ಅಡಿ, ಕೆಳಗೆ ಹುಲ್ಲು. ನೆಲದ ಮೇಲೆ ಗೆರೆ ಎಳೆದು ನೂರಾರು ಸಲ ಆ ದೂರವನ್ನು ನೆಗೆದಿದ್ದಳು. ತಾಯಿಗೆ, ಅಲ್ಲಿ ಬಂದು ನಿಂತ್ಕೋ, ಹಿಡೀಬೇಡ, ಸುಮ್ಮನೆ ನಿಂತ್ಕೋ ಎಂದಳು. ತಾಯಿ ಹೋಗಿ ನಿಂತಳು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮಗಳು ಕಟ್ಟೆ ಹತ್ತಿ, ಅಂಚನ್ನು ಕಾಲಲ್ಲಿ ಉಜ್ಜಿ ನೋಡಿ, ತೋಳು ಬೀಸಿ, ಮೊಣಕಾಲು ಬಗ್ಗಿಸಿ, ಹಾಗೇ ಬಹಳ ಹೊತ್ತು ಇದ್ದಳು. ಬೇಕರಿಯವಳು, ಎರಡು ಹಿಮ್ಮಡಿ, ಎಲ್ಲರೂ ಮಾತು ನಿಲ್ಲಿಸಿದರು.

ಆಮೇಲೆ ಮಗಳು ನೆಟ್ಟಗಾಗಿ, “ಇವತ್ತು ಬೇಡ,” ಎಂದು, ಕಟ್ಟೆಯ ಮೇಲೆ ಕೂತು, ತಿರುಗಿ, ಕೈಯೂರಿ ಕೆಳಗಿಳಿದಳು. ಎರಡು ಹಿಮ್ಮಡಿ ತಲೆಯಾಡಿಸಿ ಮುಂದಿನವರನ್ನು ಕರೆದ.

ಇಬ್ಬರೂ ಬಸ್ಸಿನಲ್ಲಿ ಮನೆಗೆ ಹೊರಟರು. ದೊಡ್ಡ ಗಂಡಾಂತರ ತಪ್ಪಿದ ಹಾಗೆ ತಾಯಿಯ ಮನಸ್ಸು ಹಗುರಾಗಿತ್ತು. ಅದರ ಅಡಿಯಲ್ಲಿ ಇನ್ನೊಂದು ಭಾವನೆ, ಎಳೆಯಷ್ಟು ಸಣ್ಣದು, ತಲೆಯೆತ್ತಿತು. ಅದೇನೆಂದು ತಿಳಿಯಲು ಅವಳಿಗೆ ಮೂರು ನಿಲ್ದಾಣ ಬೇಕಾದವು. ಮಗಳು ನೆಗೆಯುವುದನ್ನು ನೋಡಬೇಕೆಂದು ಅವಳಿಗೆ ಆಸೆಯಾಗಿತ್ತು. ಅದನ್ನು ಹೇಳಲು ಬಾಯಿ ತೆರೆದಳು. ಮಗಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ತಿರುವಿನಲ್ಲಿ ತಲೆ ಗಾಜಿಗೆ ಬಡಿಯದಿರಲೆಂದು ತಾಯಿ ತನ್ನ ಅಂಗೈಯನ್ನು ನಡುವೆ ಇಟ್ಟಳು.